ಉಪ್ಪುನೀರಿನ ಬಾಟಲಿ

ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಕ್ಕಪಕ್ಕ ಎರಡು ಕೋಣೆಗಳಿವೆ, ನಡುವೆ ಒಂದು ಬಾಗಿಲು. ಒಂದರಲ್ಲಿ ರೋಗಾಣುಗಳಿಗೆ ಊಟ ಹಾಕಿ ಬೆಳೆಸುತ್ತಾರೆ. ಇನ್ನೊಂದರಲ್ಲಿ ರೋಗಿಯ ಮೈಯಿಂದ ಕತ್ತರಿಸಿ ತೆಗೆದ ತುಂಡನ್ನು ಕೆಡದಂತೆ ಇಟ್ಟು, ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುತ್ತಾರೆ. ಮೊದಲನೆಯದು ಕುಲ್ಸುಮ್ ಮೇಡಂ ಅವರದು, ಎರಡನೆಯದು ನನ್ನದು. ನನ್ನ ಹೆಸರು ಅನಂತರಾಜು. ಅಬ್ಬಿಗೆರೆಯಿಂದ ಎರಡು ಬಸ್ಸು ಬದಲಾಯಿಸಿ, ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ಹೊಗೆ ಕುಡಿದು ಕೆಲಸಕ್ಕೆ ಬರುವವನು. ನನ್ನ ಮಾತಿನಲ್ಲಿ ಸಿಡುಕು ಕಂಡರೆ ಅರ್ಧ ಹೆಬ್ಬಾಳದ ಪಾಲಿಗೆ ಬಿಡಿ, ಉಳಿದರ್ಧ ನನ್ನದೇ.

ಬರುವ ಮಾರ್ಚಿಗೆ ಕುಲ್ಸುಮ್ ಮೇಡಂ ನಿವೃತ್ತರಾಗುತ್ತಾರೆ. ಒಂದು ಸಭೆ ನಡೆಯುತ್ತದೆ. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಅವರ ಶ್ರದ್ಧೆಯ ಬಗ್ಗೆ ನಾಲ್ಕು ಜನ ಮಾತಾಡುತ್ತಾರೆ. ಇವರೆಲ್ಲ ಶ್ರದ್ಧೆ ಎಂದು ಕರೆಯುವುದರ ಹಿಂದೆ ಏನಿದೆ ಎಂಬುದು ನನಗೆ ಗೊತ್ತು. ಶಾಲು ಹೊದಿಸುವ ಹೊತ್ತಿನಲ್ಲಿ ಅದನ್ನು ಹೇಳಲಾಗುವುದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬೆಳಗ್ಗೆ ಎಂಟು ಹತ್ತಕ್ಕೆ ಅವರು ಆರ್.ಟಿ. ನಗರದಿಂದ ಬರುತ್ತಾರೆ. ಎರಡೂ ಮಂಡಿ ನೋವು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಹೆಜ್ಜೆ. ಬುರ್ಖಾ ತೆಗೆದು ಮೊಳೆಗೆ ಹಾಕಿ, ಬಿಳಿ ಕೋಟು ತೊಟ್ಟು, ಕೈ ತೊಳೆದು, ರಕ್ತದ ಬಾಟಲಿಗಳಿರುವ ಯಂತ್ರದ ಮುಂದೆ ನಿಲ್ಲುತ್ತಾರೆ. ಬಿಡದೆ ಜ್ವರ ಕಾಯುವವರ ರಕ್ತವನ್ನು ಸಾರಿನಂಥ ದ್ರವ ತುಂಬಿದ ಬಾಟಲಿಗೆ ಹಾಕಿ ಆ ಯಂತ್ರದಲ್ಲಿ ಬೆಚ್ಚಗಿಡುತ್ತಾರೆ. ಒಳಗೆ ಏನಾದರೂ ಬೆಳೆದರೆ ದೀಪ ಹತ್ತುತ್ತದೆ. ಐದು ದಿನ ಹತ್ತದಿದ್ದರೆ ಬೆಳವಣಿಗೆ ಇಲ್ಲ ಎಂದು ಬರೆದು ಬಾಟಲಿ ಎಸೆಯುವುದು ರೂಢಿ. ಇವರು ಎಸೆಯುವುದಿಲ್ಲ. ಹೃದಯದ ರೋಗಿಯದಾದರೆ ಮೂರು ವಾರ ಇಟ್ಟುಕೊಂಡು, ದಿನಾ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. “ಬೂಷ್ಟಿಗೆ ಅವಸರ ಇರಲ್ಲ ರಾಜು ಅವ್ರೇ,” ಅನ್ನುತ್ತಾರೆ.

ಅವರ ಕೋಟಿನ ಬಲಜೇಬಿನಲ್ಲಿ ಸದಾ ಒಂದು ಪುಟ್ಟ ಬಾಟಲಿ ಇರುತ್ತದೆ. ಒಳಗೆ ಶುದ್ಧ ಮಾಡಿದ ಉಪ್ಪುನೀರು. ಹೃದಯದ ಕವಾಟಕ್ಕೆ ಸೋಂಕು ತಗುಲಿದವರಿಗೆ ಇವತ್ತು ಆಪರೇಷನ್ ಎಂದು ಗೊತ್ತಾದರೆ ಸಾಕು, ಆ ಮಂಡಿಗಳನ್ನು ಕಟ್ಟಿಕೊಂಡು ಮೂರನೇ ಮಹಡಿಗೆ ಹತ್ತುತ್ತಾರೆ. ಥಿಯೇಟರಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾರೆ. ಕೊಯ್ದು ತೆಗೆದ ಕವಾಟದ ತುಂಡು ತಮ್ಮ ಬಾಟಲಿಗೆ ಬೀಳುವವರೆಗೆ ಏಳುವುದಿಲ್ಲ. ಊಟದ ಹೊತ್ತು ಮೀರಿದರೂ ಅಲ್ಲೇ.

ಕಾರಣ ಇದು. ಥಿಯೇಟರಿನಲ್ಲಿ ಮೈಯಿಂದ ಏನು ಹೊರಬಂದರೂ ಫಾರ್ಮಲಿನ್‌ಗೆ ಹಾಕುವುದು ಅಭ್ಯಾಸ. ಕೈ ತಾನಾಗಿಯೇ ಅತ್ತ ಹೋಗುತ್ತದೆ. ನನ್ನ ಕೆಲಸಕ್ಕೆ ಫಾರ್ಮಲಿನ್ ಬೇಕೇ ಬೇಕು, ಇಲ್ಲದಿದ್ದರೆ ತುಂಡು ಕೊಳೆತುಹೋಗುತ್ತದೆ. ಆದರೆ ಅದರೊಳಗೆ ಬಿದ್ದರೆ ರೋಗಾಣುವೂ ಸಾಯುತ್ತದೆ. ಸತ್ತದ್ದನ್ನು ಬೆಳೆಸಿ, ನೀನು ಯಾವ ಜಾತಿ, ಯಾವ ಔಷಧಿಗೆ ಬಗ್ಗುತ್ತೀ ಎಂದು ಕೇಳಲಾಗುವುದಿಲ್ಲ. ಉಪ್ಪುನೀರಿನಲ್ಲಿ ಬಂದರೆ ಕೇಳಬಹುದು. ಕವಾಟದ ಮೇಲೆ ಫಂಗಸ್ ಕೂತಿದ್ದರಂತೂ ಈ ಪ್ರಶ್ನೆಯ ಮೇಲೇ ರೋಗಿಯ ಪ್ರಾಣ ನಿಂತಿರುತ್ತದೆ.

ನಾಲ್ಕು ವರ್ಷದ ಹಿಂದೆ ಆಸ್ಪತ್ರೆಯವರು ಮೇಡಂಗೆ ವರ್ಷದ ಉತ್ತಮ ಸಿಬ್ಬಂದಿ ಎಂದು ಪ್ರಶಸ್ತಿ ಕೊಟ್ಟರು. ಅವತ್ತು ಅವರು ಬೇಕೆಂತಲೇ ರಜೆ ಹಾಕಿದ್ದರು. ಪ್ರಶಸ್ತಿಪತ್ರ ನಾನು ಇಸಿದುಕೊಂಡು ತಂದೆ. ಅದು ಈಗ ಅವರ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಗಾಜಿನ ಪಟ್ಟಿಗಳ ಕೆಳಗೆ ಹಾಸಿಗೆಯಾಗಿದೆ.

ಹದಿನೈದು ವರ್ಷದ ಹಿಂದಿನ ಮಾತು. ಮುನಿಶಾಮಮ್ಮ ಎಂಬ ಹೆಂಗಸು, ನಮ್ಮ ಅಬ್ಬಿಗೆರೆಯವಳೇ, ಮೂವತ್ತೆಂಟು ವಯಸ್ಸು. ಬಹಳ ದಿನ ಡ್ರಿಪ್ಪು, ಬಹಳ ದಿನ ಜ್ವರ, ಕೊನೆಗೆ ಕವಾಟ ಹಾಳಾಗಿ ಶನಿವಾರ ಆಪರೇಷನ್ ಆಯಿತು. ಆಗ ಥಿಯೇಟರಿನ ಹಿರಿಯ ನರ್ಸು ನೀಲಕ್ಕ. ಯಲಹಂಕದ ಹಳೆಯ ಮನೆತನದ ಗಟ್ಟಿ ಹೆಂಗಸು, ಕುಲ್ಸುಮ್ ಮೇಡಂ ಜೊತೆ ಕೂತು ಟೀ ಕುಡಿಯದೆ ಆಕೆಗೆ ದಿನ ಶುರುವಾಗುತ್ತಿರಲಿಲ್ಲ. ಅವತ್ತು ನೀಲಕ್ಕ ತುಂಡನ್ನು ಸರಿಯಾಗಿ ಉಪ್ಪುನೀರಿನಲ್ಲೇ ಕಳಿಸಿದ್ದಳು. ತುಂಡು ಕೆಳಗೆ ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ನಾನು ಮನೆಗೆ ಹೋಗಿಯಾಗಿತ್ತು. ರಂಜಾನ್ ತಿಂಗಳು, ಮೇಡಂ ಉಪವಾಸ. ಮಗಳು ಅಮ್ರೀನ್‌ಗೆ ಕಾಮಾಲೆ ಎಂದು ಮನೆಯಿಂದ ಮೂರು ಸಲ ಫೋನು ಬಂದಿತ್ತು. ಲ್ಯಾಬಿನ ಫ್ರಿಜ್ ಬೆಳಗಿನಿಂದ ಕೆಟ್ಟು ನಿಂತಿತ್ತು. ಆಗಿನ್ನೂ ನಮ್ಮಲ್ಲಿ ಭಾನುವಾರ ಲ್ಯಾಬಿಗೆ ಯಾರೂ ಬರುತ್ತಿರಲಿಲ್ಲ. ಆಗಲೇ ಕೂತು ಆ ತುಂಡನ್ನು ಅರೆದು ತಟ್ಟೆಗೆ ಹಾಕಿದ್ದರೆ ಅರ್ಧ ಗಂಟೆಯ ಕೆಲಸ. ಅವರಿಗೆ ಆ ಅರ್ಧ ಗಂಟೆಯ ತ್ರಾಣ ಇರಲಿಲ್ಲ. ಸೋಮವಾರದ ಹೊತ್ತಿಗೆ ಕೊಳೆತುಹೋದರೆ ಎಂದು ಹೆದರಿ ನನ್ನ ಕೋಣೆಗೆ ಬಂದು, ನನ್ನ ಕ್ಯಾನಿನಿಂದ ಫಾರ್ಮಲಿನ್ ತಂದು ಸುರಿದರು. ಕೆಡಬಾರದು ಎಂದು ಮಾಡಿದ ಕೆಲಸ. ಬೇರೆ ಯಾರಾದರೂ ಆಗಿದ್ದರೆ ಆ ತುಂಡನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೋಗುತ್ತಿದ್ದರು, ಅದರಲ್ಲಿ ಎರಡು ದಿನ ಕಳೆದ ಮೇಲೂ ಫಂಗಸ್ ಬದುಕಿರುತ್ತಿತ್ತೋ ಏನೋ.

ಸೋಮವಾರ ಬೆಳಗ್ಗೆ ದೊಡ್ಡ ಡಾಕ್ಟರು ಬಂದು ಮುಚ್ಚಳ ತೆಗೆದರು. ಆ ವಾಸನೆ ಯಾರಿಗೆ ಗೊತ್ತಾಗುವುದಿಲ್ಲ? “ಯಾರು ಹಾಕಿದ್ದು ಇದನ್ನ?” ಅಂದರು. ಮೇಡಂ ತಲೆ ಎತ್ತದೆ ಹೇಳಿದರು, “ಮೇಲಿಂದಾನೇ ಹಂಗೆ ಬಂತು ಸರ್.”

ನಾನು ಬಾಗಿಲಲ್ಲೇ ನಿಂತಿದ್ದೆ. ಅದಕ್ಕೆ ಹತ್ತು ನಿಮಿಷ ಮೊದಲು ನನ್ನ ಕ್ಯಾನಿನ ಬಾಯಲ್ಲಿ ಫನ್ನೆಲ್ ಸಿಕ್ಕಿಸಿದ್ದನ್ನು ನೋಡಿ ಬಂದಿದ್ದೆ. ನಾನು ಫನ್ನೆಲನ್ನು ಎಂದೂ ಹಾಗೆ ಬಿಟ್ಟು ಹೋದವನಲ್ಲ. ಎಲ್ಲವೂ ಅರ್ಥವಾಯಿತು. ಆದರೂ ಬಾಯಿ ಬಿಡಲಿಲ್ಲ. ಪಕ್ಕದ ಕೋಣೆಯವರು, ದಿನಾ ಮುಖ ನೋಡಬೇಕಾದವರು, ನನಗ್ಯಾಕೆ ಇಲ್ಲದ ಉಸಾಬರಿ ಎಂದುಕೊಂಡೆ. ವಾಪಸು ಹೋಗಿ ಫನ್ನೆಲ್ ತೊಳೆದು ಮೊಳೆಗೆ ನೇತುಹಾಕಿದೆ.

ಆ ತುಂಡು ಕೊನೆಗೆ ನನ್ನ ಪಾಲಿಗೇ ಬಂತು. ಫಂಗಸ್ ಎದ್ದು ಕಾಣಬೇಕಾದರೆ ಅದನ್ನು ಕಪ್ಪಾಗಿಸುವ ಬೆಳ್ಳಿಯ ಲವಣದ ಬಣ್ಣ ಹಾಕಬೇಕು. ಆ ರಾಸಾಯನಿಕ ಮುಗಿದು ತಿಂಗಳಾಗಿತ್ತು, ತರಿಸಲು ಬರೆದು ಸುಮ್ಮನೆ ಕಾಯುತ್ತಿದ್ದವನು ನಾನು. ಹತ್ತನೇ ದಿನ ಬಣ್ಣ ಬಂತು. ಗಾಜಿನ ಮೇಲೆ ಫಂಗಸ್ಸಿನ ಕಪ್ಪು ಕಪ್ಪು ಮೊಗ್ಗುಗಳು ಕಂಡವು. ಮುನಿಶಾಮಮ್ಮ ಸತ್ತು ಆಗಲೇ ಎರಡು ದಿನವಾಗಿತ್ತು. ಅವಳ ಮನೆ ನಮ್ಮ ಬಸ್ ಸ್ಟಾಪಿನ ಎದುರಿಗೇ ಇದೆ, ಈಗಲೂ ದಿನಾ ಅದರ ಮುಂದೆಯೇ ನಿಂತು ಬಸ್ಸು ಕಾಯುತ್ತೇನೆ.

ನೀಲಕ್ಕನಿಗೆ ಮೆಮೊ ಕೊಟ್ಟು ಥಿಯೇಟರಿನಿಂದ ತೆಗೆದು ಜನರಲ್ ವಾರ್ಡಿಗೆ ಹಾಕಿದರು. ಮೂರು ವರ್ಷ ಅಲ್ಲೇ ಕೊಳೆತಳು. ಅವಳ ಕೈಕೆಳಗೆ ಮಾಲಾ ಎಂಬ ಹೊಸ ನರ್ಸು ಇದ್ದಳು. ಫಾರ್ಮಲಿನ್ ಹಾಕಿದ್ದು ಆ ಹುಡುಗಿಯೇ ಇರಬೇಕು ಎಂದು ನೀಲಕ್ಕ ನಂಬಿದಳು. ಮೇಲಿನವರ ಮುಂದೆ ಅವಳ ಹೆಸರು ಹೇಳಲಿಲ್ಲ, ತಪ್ಪನ್ನು ತನ್ನ ತಲೆ ಮೇಲೇ ಹಾಕಿಕೊಂಡಳು. ಆದರೆ ಆ ಹುಡುಗಿಯ ಹತ್ತಿರ ಮಾತು ಬಿಟ್ಟಳು, ಉಳಿದವರೂ ಬಿಟ್ಟರು. ಆರು ತಿಂಗಳಲ್ಲಿ ಮಾಲಾ ಕೆಲಸ ಬಿಟ್ಟು ಹೋದಳು.

ನೀಲಕ್ಕ ಮತ್ತೆ ಥಿಯೇಟರಿಗೆ ಬಂದಾಗ ಬಾಗಿಲಲ್ಲಿ ಬಾಟಲಿ ಹಿಡಿದು ಕೂತ ಕುಲ್ಸುಮ್ ಮೇಡಂರನ್ನು ನೋಡಿದಳು. ತನ್ನ ಮೇಲೆ ನಂಬಿಕೆಯಿಲ್ಲದೆ ಕಾವಲಿಗೆ ಬಂದಿದ್ದಾರೆ ಎಂದುಕೊಂಡಳು. ಟೀ ನಿಂತಿತು. ನೀನು ಹೋಗಿ ನೀವು ಬಂತು, ಕುಲ್ಸುಮ್ ಹೋಗಿ ಮೇಡಂ ಬಂತು. ಇಬ್ಬರ ನಡುವೆ ಓಡಾಡುತ್ತಾ ನನಗೆ ಇದೆಲ್ಲ ಸಾಕುಸಾಕಾಗಿಹೋಗಿತ್ತು. ಹೇಳಿಬಿಡಲೇ ಎಂದು ಎಷ್ಟೋ ಸಲ ಅನ್ನಿಸಿದೆ. ಅನ್ನಿಸಿದ್ದಷ್ಟೇ.

ಹೋದ ಜೂನಿನಲ್ಲಿ ಮುರುಗೇಶ್ ಬಂದ. ಗೊರಗುಂಟೆಪಾಳ್ಯದಲ್ಲಿ ಲಾರಿಗಳಿಗೆ ಟಾರ್ಪಾಲಿನ್ ಹೊಲಿಯುವವನು, ನಲವತ್ಮೂರು ವಯಸ್ಸು. ವರ್ಷದ ಹಿಂದೆ ಬೇರೆಲ್ಲೋ ಕವಾಟ ಬದಲಾಯಿಸಿಕೊಂಡಿದ್ದ. ಎರಡು ತಿಂಗಳಿಂದ ಬಿಡದ ಜ್ವರ, ಮೈ ಇಳಿದು ಅರ್ಧವಾಗಿತ್ತು. ಎಕೋ ಮಾಡಿದಾಗ ಹೊಸ ಕವಾಟದ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗಡ್ಡೆ ಅಲ್ಲಾಡುತ್ತಿತ್ತು. ಹನ್ನೆರಡು ಬಾಟಲಿ ರಕ್ತ ಯಂತ್ರಕ್ಕೆ ಹೋಯಿತು. ಒಂದರ ದೀಪವೂ ಹತ್ತಲಿಲ್ಲ. ಬ್ಯಾಕ್ಟೀರಿಯಾ ಇರಬಹುದು ಎಂಬ ಅಂದಾಜಿನ ಮೇಲೆ ಐದು ವಾರ ಔಷಧಿ ಹೋಯಿತು. ಜ್ವರ ಜಗ್ಗಲಿಲ್ಲ, ಕಿಡ್ನಿ ಮಾತ್ರ ಸೋಲತೊಡಗಿತು.

ಅವನ ಹೆಂಡತಿ ಜ್ಯೋತಿಲಕ್ಷ್ಮಿ ದಿನಾ ಲ್ಯಾಬಿನ ಬಾಗಿಲಿಗೆ ಬರುತ್ತಿದ್ದಳು. ಸಂಬಂಧಿಕರು ನೆಲಮಾಳಿಗೆಗೆ ಇಳಿಯುವಂತಿಲ್ಲ, ಆದರೂ ಇಳಿಯುತ್ತಿದ್ದಳು.

“ಮೇಡಂ, ಏನಾದ್ರೂ ಬೆಳೀತಾ?”

“ಇಲ್ಲಮ್ಮ.”

“ನಾಳೆ ಬೆಳೀಬೋದಾ?”

“ನೋಡೋಣಮ್ಮ.”

ಗಂಡನ ರಕ್ತದಲ್ಲಿ ರೋಗ ಬೆಳೆಯಲಿ ಎಂದು ಗಂಗಮ್ಮನಿಗೆ ಹರಕೆ ಹೊತ್ತ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. ಅವಳು ಹೋದ ಮೇಲೆ ಮೇಡಂ ಹನ್ನೆರಡು ಬಾಟಲಿಗಳನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿಯುತ್ತಿದ್ದರು.

ಒಂದು ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ವಾರ್ಡಿನ ಡಾಕ್ಟರ್ ಜೀಷಾನ್ ಇಳಿದು ಬಂದ. ಚಿಕ್ಕ ವಯಸ್ಸಿನವನು, ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿತ್ತು. “ಮುರುಗೇಶ್ ಎಡಗಾಲು ತಣ್ಣಗಾಗೋಯ್ತು ಮೇಡಂ. ತೊಡೆ ಹತ್ರ ರಕ್ತನಾಳದಲ್ಲಿ ಏನೋ ಕಟ್ಕೊಂಡಿದೆ. ಈಗ್ಲೇ ಥಿಯೇಟರಿಗೆ ತಗೊಂಡು ತೆಗೀತಾರೆ.”

ಮೇಡಂ ಕೈಯಲ್ಲಿದ್ದ ಗಾಜಿನ ತಟ್ಟೆ ಕೆಳಗಿಟ್ಟರು. “ಅಷ್ಟು ದೊಡ್ಡ ನಾಳ ಕಟ್ಕೊಳ್ಳೋಷ್ಟು ದೊಡ್ಡ ತುಂಡಾ?”

“ಹೌದು.”

“ಹಂಗಾದ್ರೆ ಅದು ಬರೀ ರಕ್ತದ ಹೆಪ್ಪಲ್ಲ ಡಾಕ್ಟ್ರೇ. ಕವಾಟದ ಮೇಲಿನ ಗಡ್ಡೆನೇ ಮುರಿದು ಹೋಗಿ ಕೂತಿದೆ. ಫಂಗಸ್ ಗಡ್ಡೆನೇ ಅಷ್ಟು ದಪ್ಪ ಬೆಳೆಯೋದು. ರಕ್ತದಲ್ಲಿ ಸಿಗದೆ ಇರೋದು ಅದರಲ್ಲಿ ಸಿಗತ್ತೆ. ಎಸೀಬೇಡಿ ಅಂತ ಹೇಳಿ. ಫಾರ್ಮಲಿನ್‌ಗೂ ಹಾಕ್ಬೇಡಿ ಅಂತ ಹೇಳಿ.”

“ಫಂಗಸ್ ಔಷಧಿ ಅಂದಾಜಲ್ಲೇ ಶುರು ಮಾಡಣ ಅಂದೆ. ಈ ಕಿಡ್ನಿಗೆ ತಡಿಯಲ್ಲ ಅಂದ್ರು ದೊಡ್ಡ ಡಾಕ್ಟ್ರು. ಯಾವ ಫಂಗಸ್ ಅಂತ ಗೊತ್ತಾದ್ರೆ ಅದಕ್ಕೆ ಸರಿಯಾದ್ದು ಕೊಡಬೋದು, ಹಾರ್ಟ್ ಆಪರೇಷನ್‌ಗೂ ಒಪ್ತಾರೆ. ಗೊತ್ತಾಗ್ದೆ ಮುಟ್ಟಲ್ಲ,” ಅಂದ ಜೀಷಾನ್. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಓಡಿದ. ಅವನು ಮೇಲೆ ಹೇಳಲು ನೆನಪಿಟ್ಟುಕೊಳ್ಳುತ್ತಾನೆ ಎಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ.

ಲಿಫ್ಟು ತುಂಬಿತ್ತು. ಮೇಡಂ ಕಂಬಿ ಹಿಡಿದು ಹತ್ತತೊಡಗಿದರು. ಬಿದ್ದುಗಿದ್ದಾರು ಎಂದು ನಾನೂ ಹಿಂದೆಯೇ ಹೋದೆ. ಮೂರನೇ ಮಹಡಿಯಲ್ಲಿ ನೀಲಕ್ಕ ಅಡ್ಡ ನಿಂತಳು. ಈಗ ಥಿಯೇಟರಿನ ಮೇಲ್ವಿಚಾರಣೆ ಅವಳದೇ, ಕೂದಲು ಪೂರ್ತಿ ಬೆಳ್ಳಗಾಗಿದೆ. ಸ್ಯಾಂಪಲ್ಲುಗಳೆಲ್ಲ ಗಾಳಿಯ ಒತ್ತಡದಲ್ಲಿ ಡಬ್ಬಿ ಸಾಗಿಸುವ ಕೊಳವೆ ದಾರಿಯಲ್ಲೇ ಕೆಳಗೆ ಹೋಗಬೇಕು, ಹೊರಗಿನವರು ಹಳದಿ ಗೆರೆ ದಾಟಬಾರದು ಎಂದು ಆ ತಿಂಗಳಷ್ಟೇ ಹೊಸ ಆದೇಶ ಬಂದಿತ್ತು. ಸ್ಟೂಲನ್ನು ಎತ್ತಿ ಒಳಗಿಟ್ಟಿದ್ದರು.

“ಕೆಳಗೋಗಿ ಮೇಡಂ. ತೆಗೆದ್ಮೇಲೆ ಕಳಿಸ್ತೀವಿ.”

“ಉಪ್ಪುನೀರಲ್ಲಿ ಬೇಕು ನೀಲಕ್ಕ.”

“ನಮಗೇನು ಗೊತ್ತಿಲ್ವಾ? ಇಷ್ಟು ವರ್ಷ ಇಲ್ಲೇ ಕೂತು ನಮ್ಮ ಕೈ ಕಾದಿದ್ದು ಸಾಲ್ದಾ ನಿಮಗೆ? ಒಳಗೆ ಇಬ್ರೂ ಹೊಸ ಹುಡುಗೀರು, ನೀವಿಂಗೆ ಬಂದು ನಿಂತ್ರೆ ಕೈ ನಡುಗತ್ತೆ ಅವ್ಕೆ. ಹೋಗಿ.”

ಅಷ್ಟು ಹೇಳಿ ಬಾಗಿಲು ತಳ್ಳಿಕೊಂಡು ತಿರುಗಿದಳು. ಹೊಸ ಹುಡುಗಿಯರು, ಅವಸರದ ಆಪರೇಷನ್, ಪಕ್ಕದಲ್ಲೇ ಫಾರ್ಮಲಿನ್ ಡಬ್ಬಿ. ಏನಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು, ಕೋಪದಲ್ಲಿದ್ದ ನೀಲಕ್ಕ ಮಾತ್ರ ಆ ಕ್ಷಣ ಅದನ್ನು ಯೋಚಿಸುತ್ತಿರಲಿಲ್ಲ.

“ನಿಮ್ಮ ಕೈ ಕಾಯೋಕೆ ಬರ್ತಿರ್ಲಿಲ್ಲ ನೀಲಕ್ಕ,” ಅಂದರು ಮೇಡಂ. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. “ಅವತ್ತು ಮುನಿಶಾಮಮ್ಮನ ತುಂಡಿಗೆ ಫಾರ್ಮಲಿನ್ ಹಾಕಿದ್ದು ನಾನು. ನೀವು ಸರಿಯಾಗೇ ಕಳ್ಸಿದ್ರಿ. ಕೊಳೆತೋಗತ್ತೆ ಅಂತ ನಾನೇ ಸುರಿದೆ. ಆಮೇಲೆ ಸುಳ್ಳು ಹೇಳ್ದೆ.”

ನೀಲಕ್ಕ ಬಾಗಿಲನ್ನು ಭುಜದಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಒಳಗಿನಿಂದ ಯಾರೋ “ಸಿಸ್ಟರ್” ಎಂದು ಕರೆದರು. ಎರಡನೇ ಸಲ ಕರೆದರು. ನಾನು ನೆಲ ನೋಡುತ್ತಿದ್ದೆ. ಈಗಲಾದರೂ ನಾನೊಂದು ಮಾತು ಸೇರಿಸಬಹುದಿತ್ತು.

ನೀಲಕ್ಕ ಕೈ ಚಾಚಿದಳು. “ಬಾಟ್ಲಿ ಕೊಡಿ.”

ಮೇಡಂ ಗೋಡೆಗೆ ಒರಗಿ ನಿಂತೇ ಕಾದರು. ಮುಕ್ಕಾಲು ಗಂಟೆಯಾದ ಮೇಲೆ ನೀಲಕ್ಕ ತಾನೇ ಬಂದು ಬಾಟಲಿಯನ್ನು ಅವರ ಅಂಗೈಯಲ್ಲಿಟ್ಟಳು. ಮುಖ ನೋಡಲಿಲ್ಲ. ಉಪ್ಪುನೀರಿನಲ್ಲಿ ಅವರೆಕಾಳಿನಷ್ಟು ದಪ್ಪದ, ಮಾಸಲು ಬಿಳಿಯ ತುಂಡೊಂದು ಮುಳುಗಿತ್ತು.

ಕೆಳಗೆ ಬಂದು ಮೇಡಂ ಅದರ ಒಂದು ಚೂರನ್ನು ಗಾಜಿನ ಮೇಲೆ ಜಜ್ಜಿ, ಕ್ಷಾರದ ಹನಿ ಬಿಟ್ಟು, ಮಾಂಸ ಕರಗಲು ಇಪ್ಪತ್ತು ನಿಮಿಷ ಬಿಟ್ಟರು. ಉಳಿದದ್ದನ್ನು ಒಂದೊಂದೇ ತಟ್ಟೆಯ ಮೇಲೆ ನೆಟ್ಟರು. ನನಗೂ ಒಂದು ಚೂರು ಕೊಟ್ಟರು. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಗಾಜನ್ನು ಮೂಲೆಯಿಂದ ಮೂಲೆಗೆ ಸರಿಸಿ ನೋಡಿದರು. “ನೋಡಿ,” ಎಂದು ಪಕ್ಕಕ್ಕೆ ಸರಿದರು. ಗಂಟು ಗಂಟಾದ ಎಳೆಗಳು, ಕವಲೊಡೆದು ಕವಲೊಡೆದು ಎಲ್ಲೆಲ್ಲೂ ಹಬ್ಬಿದ್ದವು. ಮುನಿಶಾಮಮ್ಮನ ತುಂಡಿನಲ್ಲಿ ಕಂಡ ಮೊಗ್ಗುಗಳ ಜಾತಿಯಲ್ಲ, ಎಳೆಗಳ ಜಾತಿ. ರಕ್ತದ ಬಾಟಲಿಯಲ್ಲಿ ಬೆಳೆಯಲು ಒಪ್ಪದ ಜಾತಿ. ಅದಕ್ಕೆ ಕೊಡುವ ಔಷಧಿ ಬೇರೆ. ಜೀಷಾನ್‌ಗೆ ಫೋನು ಹೋಯಿತು, ಸಂಜೆಯೊಳಗೆ ಔಷಧಿ ಶುರುವಾಯಿತು. ಮೂರನೇ ದಿನ ತಟ್ಟೆಯ ಮೇಲೆ ಬಿಳಿ ಹತ್ತಿಯಂತೆ ಎದ್ದದ್ದು ಆಮೇಲೆ ಪಾಚಿಯ ಬಣ್ಣಕ್ಕೆ ತಿರುಗಿತು. ಆಸ್ಪರ್ಜಿಲಸ್ ಎಂದು ಮೇಡಂ ವರದಿ ಬರೆದರು.

ಆ ದಿನವೂ ಜ್ಯೋತಿಲಕ್ಷ್ಮಿ ಬಂದಳು.

“ಬೆಳೀತಮ್ಮ,” ಅಂದರು ಮೇಡಂ.

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಹಂಗಾದ್ರೆ ಸಾಯಿಸ್ಬೋದಾ ಅದನ್ನ?”

“ಔಷಧಿ ಇದೆ. ಕವಾಟಾನೂ ತೆಗೀಬೇಕು. ಇದು ಬಾಳಾ ಕೆಟ್ಟ ರೋಗ ಕಣಮ್ಮ, ಉಳ್ಕೊಳ್ಳೋರು ಕಮ್ಮಿ. ಆದ್ರೆ ಈಗ ಕತ್ತಲಲ್ಲಿ ಗುದ್ದಾಡೋದಂತೂ ಇಲ್ಲ.”

ಓದುವವರನ್ನು ಕಾಯಿಸುವ ಚಾಳಿ ನನಗಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಮುರುಗೇಶ್ ಉಳಿದ. ಎಡಗಾಲಿನ ಎರಡು ಬೆರಳು ಹೋದವು. ಮಾತ್ರೆ ಜೀವನಪೂರ್ತಿ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಕೊಡಬೇಕು. ಅರ್ಧ ದಿನ ಹೊಲಿಗೆಗೆ ಕೂರುತ್ತಾನೆ, ಅರ್ಧ ದಿನ ಮಲಗುತ್ತಾನೆ. ನಾಳೆ ಏನು ಎಂದು ಯಾರೂ ಮಾತು ಕೊಟ್ಟಿಲ್ಲ.

ಅವನ ಕವಾಟ ತೆಗೆದದ್ದು ಕಾಲಿನ ಆಪರೇಷನ್ ಆದ ಒಂಬತ್ತನೇ ದಿನ. ಅವತ್ತು ಬೆಳಗ್ಗೆ ಮೇಡಂ ಬಾಟಲಿ ಜೇಬಿಗೆ ಹಾಕಿಕೊಂಡು ಎದ್ದರು, ಮತ್ತೆ ಕೂತರು. “ಯಾವ ಮುಖ ಇಟ್ಕೊಂಡು ಹೋಗ್ಲಿ ರಾಜು ಅವ್ರೇ,” ಅಂದರು. ಒಂಬತ್ತು ದಿನದಿಂದ ನೀಲಕ್ಕನ ಕಡೆಯಿಂದ ಒಂದು ಮಾತಿಲ್ಲ, ಮೇಲಿನವರಿಗೆ ದೂರೂ ಇಲ್ಲ. ಮೇಡಂ ಅವತ್ತು ಇದ್ದದ್ದಕ್ಕಿಂತ ಹತ್ತು ವರ್ಷ ದೊಡ್ಡವರಂತೆ ಕಂಡರು. ನಾನು ಹೋಗಿ ತರುತ್ತೇನೆ ಎಂದೆ. ಬೇಡ ಎಂದರು.

ಮಧ್ಯಾಹ್ನ ಎರಡೂವರೆಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ನೀಲಕ್ಕ. ಹದಿನೈದು ವರ್ಷದಲ್ಲಿ ಅವಳು ನೆಲಮಾಳಿಗೆಗೆ ಇಳಿದದ್ದು ಅದೇ ಮೊದಲು. ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಸುತ್ತ ಬಿಳಿ ಪ್ಲಾಸ್ಟರ್ ಅಂಟಿಸಿ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: ಫಾರ್ಮಲಿನ್ ಹಾಕಬೇಡಿ.

ಮೇಡಂ ಅದನ್ನು ಓದಿದರು.

“ಮೂರು ವರ್ಷ ವಾರ್ಡಲ್ಲಿ ನೈಟ್ ಡ್ಯೂಟಿ ಮಾಡ್ದೆ. ಮಗಳು ಎಸ್ಸೆಸ್ಸೆಲ್ಸಿ ಓದೋವಾಗ ಮನೇಲಿರ್ಲಿಲ್ಲ ನಾನು,” ಅಂದಳು ನೀಲಕ್ಕ. ದನಿ ಏರಿಸಲಿಲ್ಲ. “ಅದು ಹೋಗ್ಲಿ, ಮುಗೀತು. ಮಾಲಾ ಅಳ್ತಾ ನಾನಲ್ಲ ಸಿಸ್ಟರ್ ಅಂದಿದ್ಲು. ನಾನು ನಂಬ್ಲಿಲ್ಲ. ಅವಳ ಜೊತೆ ಯಾರೂ ಊಟಕ್ಕೆ ಕೂರ್ತಿರ್ಲಿಲ್ಲ. ನಾನೇ ಬೇಡ ಅಂದಿದ್ದೆ.”

ಕೋಟಿನಿಂದ ಒಂದು ಚೀಟಿ ತೆಗೆದು ಬಾಟಲಿಯ ಪಕ್ಕ ಇಟ್ಟಳು. ಒಂದು ಫೋನ್ ನಂಬರು. “ಯಲಹಂಕದಲ್ಲಿ ಒಂದು ಕ್ಲಿನಿಕ್ಕಲ್ಲಿದ್ದಾಳೆ. ಎಂಟು ದಿನ ಹುಡುಕ್ದೆ. ನಿನ್ನೆ ನಾನು ಮಾತಾಡ್ದೆ. ಇವತ್ತು ನೀನು ಮಾತಾಡು ಕುಲ್ಸುಮ್.”

ಬಂದ ಹಾಗೇ ಕಂಬಿ ಹಿಡಿದು ಹತ್ತಿ ಹೋದಳು.

ಮೇಡಂ ಮೊದಲು ಕೆಲಸ ಮುಗಿಸಿದರು. ಕವಾಟದ ತುಂಡನ್ನು ಅರೆದು ತಟ್ಟೆಗಳಿಗೆ ಹಾಕಿ, ಹೆಸರು ಬರೆದು, ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಮುಚ್ಚಿದರು. ಕೈ ತೊಳೆದರು. ಆಮೇಲೆ ಫೋನು ಮಾಡಿದರು. “ಮಾಲಾ, ನಾನು ಕುಲ್ಸುಮ್. ಕೆಳಗಿನ ಲ್ಯಾಬ್ ಕುಲ್ಸುಮ್,” ಎಂದು ಶುರು ಮಾಡಿ, ಶನಿವಾರದಿಂದ ಸೋಮವಾರದವರೆಗೆ ನಡೆದದ್ದನ್ನು ಒಂದನ್ನೂ ಬಿಡದೆ ಹೇಳಿದರು. ಉಪವಾಸ, ಮಗಳ ಕಾಯಿಲೆ, ಕೆಟ್ಟ ಫ್ರಿಜ್ ಮಾತ್ರ ಹೇಳಲಿಲ್ಲ. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಮೇಡಂ ಕಣ್ಣೊರೆಸಿಕೊಳ್ಳುತ್ತಾ ಬರೀ ಹ್ಞೂಂ ಹ್ಞೂಂ ಎನ್ನುತ್ತಿದ್ದರು.

ನಾನು ಮೆಲ್ಲಗೆ ನನ್ನ ಕೋಣೆಗೆ ಹೊರಟೆ.

“ರಾಜು ಅವ್ರೇ.” ತಿರುಗಿದೆ. ಫೋನನ್ನು ನನ್ನ ಕಡೆ ಚಾಚಿದ್ದರು. “ನೀವೂ ಮಾತಾಡಿ. ಅವತ್ತು ಫನ್ನೆಲನ್ನ ಕ್ಯಾನಲ್ಲೇ ಬಿಟ್ಟು ಹೋಗಿದ್ದೆ. ಸೋಮವಾರ ಮಧ್ಯಾಹ್ನ ಬಂದು ನೋಡ್ದೆ. ನೀವು ತೊಳೆದು ಮೊಳೆಗೆ ಹಾಕಿದ್ರಿ.”

ಅಂದರೆ ನನಗೆ ಗೊತ್ತೆಂಬುದು ಹದಿನೈದು ವರ್ಷ ಅವರಿಗೂ ಗೊತ್ತಿತ್ತು. ಚಿಲಕವಿಲ್ಲದ ಒಂದು ಬಾಗಿಲಿನ ಆಚೆ ಈಚೆ ಕೂತು, ಒಬ್ಬರಿಗೊಬ್ಬರು ಒಳ್ಳೆಯವರಾಗಿದ್ದೆವು.

ಫೋನು ಇಸಿದುಕೊಂಡೆ. ಆ ಕಡೆಯಿಂದ ಮಾಲಾ “ಯಾರು?” ಎಂದು ಕೇಳಿದಳು. ನಾನು ನನ್ನ ಹೆಸರು ಹೇಳಿದೆ.